ಇನ್ನೂರ ಐವತ್ತೈದು ಡಿಗ್ರಿ

ಪಡುಕೆರೆಯಲ್ಲಿ ದಿಕ್ಕುಗಳಿಗೆ ಬರ.
ಬಡಗಿನಿಂದ ತೆಂಕಿಗೆ ಒಂದು ರಸ್ತೆ,
ಪಡುವಿಗೆ ಕಡಲು, ಮೂಡಿಗೆ ಹೊಳೆ,
ನಡುವೆ ಸೀರೆಯಂಚಿನಷ್ಟು ಹೊಯಿಗೆ.
ಅಲ್ಲಿ ಎರಡು ಬಿದಿರು ನೆಟ್ಟು
ತಂತಿಯದೊಂದು ಉದ್ದ ಚೌಕ ಎಬ್ಬಿಸಿದ್ದೇನೆ,
ಕಳುಹಿಸಲಿಕ್ಕಲ್ಲ, ಕೇಳಲಿಕ್ಕೆ.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಬಲಗಿವಿ ಸವೆಸಿದವಳು ನಾನು.
"ನೂರ ಅರುವತ್ತು ಮೀಟರಿನ ಅಲೆಯನ್ನು
ಇಷ್ಟು ಸಣ್ಣ ಬಲೆಯಲ್ಲಿ ಹಿಡಿಯುವುದಾ?"
ತೇಜಪ್ಪ ತಿಂಗಳಾಯರಿಗೆ ನಗು.
ಹಿಡಿಯುವುದು ಸುಲಭ ಮಾರಾಯ್ರೆ,
ಬಿಡುವುದು ಕಷ್ಟ.
ಹೊಳೆಯಾಚೆ ಐಸ್ ಪ್ಲಾಂಟಿದೆ, ರಾತ್ರಿಯಿಡೀ ಗರಗರ.
ಆ ಒಂದು ದಿಕ್ಕಿಗೆ ಇದು ಕಿವುಡಾಗಬೇಕು.
ಆಗಿದೆಯೋ ಇಲ್ಲವೋ, ಇವತ್ತು ಪರೀಕ್ಷೆ.

ಅವರ ಕೈಗೆ ಬಿಸ್ಕತ್ತಿನ ಹಳೆ ಡಬ್ಬ,
ಒಳಗೆ ಒಂಬತ್ತು ವೋಲ್ಟಿನ ಬ್ಯಾಟರಿ, ಹೊರಗೆ ಒಂದು ಗುಂಡಿ.
ಒತ್ತಿದರೆ ಕೂಗುತ್ತದೆ, ಸೊಳ್ಳೆಗಿಂತ ತುಸು ಜೋರಾಗಿ.
ಒಂದು ಕಿಲೋಮೀಟರು ದೂರ ಕಾಯ್ದುಕೊಂಡು
ಮೂವತ್ತು ಡಿಗ್ರಿಗೊಮ್ಮೆ ನಿಲ್ಲುತ್ತ
ನನಗೆ ಸುತ್ತು ಬರಬೇಕು ಅವರು:
ರಸ್ತೆಯಿರುವಲ್ಲಿ ಸ್ಕೂಟರು, ಉಳಿದಲ್ಲೆಲ್ಲ ದೋಣಿ.
"ಯಾವ ದೇವರಿಗೆ ಈ ಪ್ರದಕ್ಷಿಣೆ?"
ಒತ್ತಿ, ಒತ್ತಿ. ಬಂತು. ಮುಂದೆ.

ಮೊದಲ ದಿನದ ಚಿತ್ರ
ಕಾವಲಿಯಿಂದ ಅವಸರದಲ್ಲಿ ಎಬ್ಬಿಸಿದ ನೀರುದೋಸೆ.
ಪುಸ್ತಕ ಹೃದಯದಾಕಾರ ಎನ್ನುತ್ತದೆ;
ಗೇರುಬೀಜದ ಹಾಗೆ ಅನ್ನಬಹುದಿತ್ತು,
ಒಂದು ಬದಿ ಉಬ್ಬು, ಒಂದು ಬದಿ ಕುಳಿ.
ನನ್ನ ಕುಳಿ ಎಲ್ಲಿ?
ಮುಂದಿಗೂ ಹಿಂದಿಗೂ ಆರೇ ಆರು ಡೆಸಿಬಲ್.
ರೆಸಿಸ್ಟರು ಬದಲಿಸಿದೆ. ಕೇಬಲ್ಲಿಗೆ ಫೆರೈಟು ಸುತ್ತಿದೆ.
ಏಳು.

ಮೂರನೆಯ ದಿನ ಕಣ್ಣಿಗೆ ಬಿತ್ತು
ಬೇಬಿಯಕ್ಕನ ತಂತಿ.
ಎರಡು ತೆಂಗಿನ ನಡುವೆ, ಅದರಾಚೆ ಇನ್ನೊಂದಕ್ಕೆ,
ಅಲ್ಲಿಂದ ಇಳಿದು ಪಂಪಿನ ಪೈಪಿಗೆ ಬಿಗಿದದ್ದು.
ಅರ್ಧದಲ್ಲಿ ನೈಟಿ, ಲುಂಗಿ, ಮೊಮ್ಮಗನ ಯೂನಿಫಾರ್ಮು,
ಅರ್ಧದಲ್ಲಿ ಒಣಗುವ ಪಾಂಬೊಲು, ಬೆಳ್ಳಿಯ ಪಟ್ಟಿ ಪಟ್ಟಿ.
ಟೇಪು ಹಿಡಿದೆ: ನಲವತ್ತೊಂದು ಮೀಟರು.
ಅಲೆಯ ಕಾಲುಭಾಗ, ಸರೀ ಲೆಕ್ಕ!
ಹನ್ನೊಂದು ವರ್ಷದಿಂದ ಈ ತಂತಿ
ನಾಲ್ಕೂ ದಿಕ್ಕನ್ನು ಕೇಳುತ್ತ ಬಂದಿದೆ,
ಕೇಳಿದ್ದನ್ನೆಲ್ಲ ಈಗ
ನನ್ನ ಚೌಕಕ್ಕೆ ಚಾಡಿ ಹೇಳುತ್ತಿದೆ.

"ತಂತಿ ತೆಗೆದರೆ ಮೀನು ನಿಮ್ಮ ಕಿವಿಗೆ ಕಟ್ಟುವುದಾ?"
ಬೇಬಿಯಕ್ಕ ಸೊಂಟಕ್ಕೆ ಕೈಯಿಟ್ಟಳು.
ಮಲ್ಪೆಯಿಂದ ನೈಲಾನ್ ಹಗ್ಗ ತಂದೆ,
ಐವತ್ತು ಮೀಟರು, ನೀಲಿಯದು.
ಗಂಟು ಹಾಕಿದ್ದು ತಿಂಗಳಾಯರು.
ಅಳೆದು ಮಿಕ್ಕಿದ್ದನ್ನೂ ಅವಳೇ ಇಟ್ಟುಕೊಂಡಳು.

ಮತ್ತೆ ಸುತ್ತು.
ನೂರ ಮೂವತ್ತೈದರಲ್ಲಿ, ಐಸ್ ಪ್ಲಾಂಟಿನ ದಿಕ್ಕಿನಲ್ಲಿ,
ಡಬ್ಬ ಕೂಗುತ್ತಿದೆ ಎಂದು ಫೋನಿನಲ್ಲಿ ಆಣೆಯಿಡುತ್ತಾರೆ;
ನನ್ನ ಮುಳ್ಳು ಮಲಗಿದೆ.
ಇಪ್ಪತ್ತಮೂರು!
ಏನೂ ಕೇಳಲಿಲ್ಲವೆಂದು ಕುಣಿದವಳು
ಈ ಕರಾವಳಿಯಲ್ಲಿ ನಾನೊಬ್ಬಳೇ ಇರಬೇಕು.

ಇನ್ನೂರ ಐವತ್ತೈದು, ಕಡಲಲ್ಲಿ.
ಎಂಜಿನ್ ನಿಲ್ಲಿಸಿದ್ದು ಫೋನಿನಲ್ಲಿ ಕೇಳಿಸಿತು.
ಒತ್ತಿ, ಎಂದೆ. ಉತ್ತರವಿಲ್ಲ.
ಒತ್ತಿ ತಿಂಗಳಾಯರೇ.
ನೀರು ದೋಣಿಯ ಕೆನ್ನೆಗೆ ಹೊಡೆಯುವ ಸದ್ದು.
ತುಂಬ ಹೊತ್ತಿನ ಮೇಲೆ, ಪಿಸುದನಿಯಲ್ಲಿ:
"ಸ್ವಲ್ಪ ನಿಲ್ಲಿ.
ಅಪ್ಪ ಹುಟ್ಟನ್ನು ನೀರಿಗೆ ಇಳಿಸಿ ಹಿಡಿಗೆ ಕಿವಿಯಿಟ್ಟು
ಕೊಡ್ಡಾಯಿ ಮೀನು ಕೂಗುವುದನ್ನು ಕೇಳುತ್ತಿದ್ದರು.
ಹುಟ್ಟು ತಿರುಗಿಸಿದರೆ ದಿಕ್ಕೂ ಸಿಗುತ್ತಿತ್ತಂತೆ.
ಎಂಜಿನ್ ಬಂದ ಮೇಲೆ ನಾನು ನೋಡಿದ್ದೇ ಇಲ್ಲ."

ಕೇಳುತ್ತದಾ?

"ಶ್ಶ್."

ಅಷ್ಟರಲ್ಲಿ ನೀರು ಅವರನ್ನು ಎಲ್ಲಿಗೋ ಎಳೆದಿತ್ತು,
ಕೋನ ತಪ್ಪಿತ್ತು, ಬ್ಯಾಟರಿ ಇಳಿದಿತ್ತು.
ಹನ್ನೆರಡರಲ್ಲಿ ಹನ್ನೊಂದು ಚುಕ್ಕಿ ಇಟ್ಟೆ.
ಪೆನ್ಸಿಲಿನ ಗೆರೆ ಅಲ್ಲಿ ಬಂದು ನಿಂತಿದೆ.
ಕೇಳಿಸಿತೋ ಇಲ್ಲವೋ, ಅವರು ಹೇಳಲಿಲ್ಲ;
ಮರುದಿನ ಡಬ್ಬ ವಾಪಸು ಕೊಡುವಾಗ
ಬಲಗಿವಿಯ ಹಿಂದೆ ಉಪ್ಪು ಒಣಗಿತ್ತು.